ಒಪೇರಾವನ್ನು ಮನೆಮಂದಿಯೆಲ್ಲ ಕೂತು ನೋಡುವ ನೃತ್ಯ ಮಾಡುವುದು ಹೇಗೆ: ‘ಹಾನ್ಸೆಲ್ ಮತ್ತು ಗ್ರೆಟೆಲ್’ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವುದನ್ನು ಹತ್ತಿರ ಕೂತು ನೋಡಿದ್ದೀರಾ? ಮರದ ಅಚ್ಚನ್ನು ನೀರಲ್ಲಿ ನೆನೆಸಿ, ಎರಡು ಹೋಳು ಜೋಡಿಸಿ ದಾರ ಸುತ್ತಿ, ಬಿಸಿ ಪಾಕ ಹೊಯ್ದು, ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಿದರೆ ಒಳಗಿಂದ ಬೆಳ್ಳನೆಯ ಗೊಂಬೆ ಬರುತ್ತದೆ. ಕೈ ಮೈಗೆ ಅಂಟಿಕೊಂಡಿರುತ್ತದೆ. ಕಣ್ಣು ಇದ್ದೂ ಮುಚ್ಚಿದ ಹಾಗೆ ಕಾಣುತ್ತದೆ. ನಮ್ಮಮ್ಮ ಒಂದು ವರ್ಷ ಅಂಥ ಗೊಂಬೆಗಳನ್ನು ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದಾಗ ನನಗೆ ಹೊಳೆಯಿತು: ನಾನು ತಿಂಗಳಿಂದ ಕೇಳುತ್ತಿದ್ದ ಒಪೇರಾದ ಕೊನೆಯಲ್ಲಿ ಕಣ್ಣು ಮುಚ್ಚಿ ನಿಂತಿರುವ ಮಕ್ಕಳು ಇವರೇ ಅಲ್ವಾ!

ಅಲ್ಲಿಂದ ನಮ್ಮ ಕೆಲಸ ಶುರುವಾಯಿತು. ಮೈಸೂರಿನಲ್ಲಿ ನಮ್ಮದು ಸಣ್ಣ ತಂಡ. 11 ಮಕ್ಕಳು, 7 ದೊಡ್ಡವರು, 55 ನಿಮಿಷದ ಪ್ರದರ್ಶನ. ಡ್ಯಾನ್ಸ್ ಕ್ಲಾಸ್ ನಡೆಸುವವರು, ಶಾಲೆಯಲ್ಲಿ ನಾಟಕ ಮಾಡಿಸುವ ಟೀಚರ್‌ಗಳು, ಹವ್ಯಾಸಿ ತಂಡದವರು ಯಾರಾದರೂ ಇದನ್ನು ಮಾಡಬಹುದು. ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತೇನೆ. ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಈ ಕಥೆ ಸಿಹಿತಿಂಡಿಯದ್ದಲ್ಲ, ಹಸಿವಿನದ್ದು. ಮೊದಲ ದೃಶ್ಯದಲ್ಲಿ ಹಸಿವು ಕಾಣದೇ ಹೋದರೆ ಕೊನೆಯ ಸಿಹಿಮನೆ ಬರೀ ಬಣ್ಣದ ಸೆಟ್ ಆಗಿ ನಿಲ್ಲುತ್ತದೆ.

ಒಪೇರಾ ಆರಿಸುವಾಗ

ಒಪೇರಾ ಅಂದ ತಕ್ಷಣ ನಮಗೆ ಸಂಬಂಧ ಇಲ್ಲದ್ದು ಅಂದುಕೊಳ್ಳಬೇಡಿ. ಮಾತಿನ ಜಾಗದಲ್ಲಿ ಹಾಡೇ ಕಥೆ ನಡೆಸುವ ನಾಟಕ, ಅಷ್ಟೇ. ಗೀತನಾಟಕ ಅನ್ನುವ ಪದ ನಮ್ಮಲ್ಲಿ ಇದ್ದೇ ಇದೆ. ಮಂಡ್ಯ ಜಿಲ್ಲೆಯ ಮೇಲುಕೋಟೆಯವರೇ ಆದ ಪು.ತಿ.ನ. ‘ಗೋಕುಲ ನಿರ್ಗಮನ’ವನ್ನು ಬರೆದದ್ದು ಗೀತನಾಟಕವಾಗಿಯೇ.

ನೃತ್ಯಕ್ಕೆ ಎಲ್ಲ ಒಪೇರಾನೂ ಒಗ್ಗುವುದಿಲ್ಲ. ಮೊಜಾರ್ಟನ ‘ಮ್ಯಾಜಿಕ್ ಫ್ಲೂಟ್’ ಮಕ್ಕಳಿಗೆ ಇಷ್ಟವಾಗುವಂಥದ್ದು, ಸಂಗೀತ ಅದ್ಭುತ. ಆದರೆ ಕಥೆಯಲ್ಲಿ ಎಷ್ಟು ತಿರುವು ಅಂದರೆ ಮಾತಿಲ್ಲದೆ ಅರ್ಥ ಮಾಡಿಸುವುದು ಕಷ್ಟ. ಒಳ್ಳೆಯವಳು ಅಂದುಕೊಂಡ ರಾಣಿ ನಡುವಲ್ಲಿ ಕೆಟ್ಟವಳಾಗುತ್ತಾಳೆ, ಅದನ್ನು ಕೈಕಾಲಲ್ಲಿ ಹೇಳೋಕೆ ಹೋಗಿ ನಾವು ಎರಡು ವಾರ ಕಳೆದು ಬಿಟ್ಟುಬಿಟ್ಟೆವು. ‘ಕಾರ್ಮೆನ್’ ಮೇಲೆ ಪ್ರಪಂಚದಲ್ಲಿ ಎಷ್ಟೋ ನೃತ್ಯರೂಪಗಳು ಬಂದಿವೆ, ಆದರೆ ಅದು ಕೊಲೆಯಲ್ಲಿ ಮುಗಿಯುತ್ತದೆ. ಆರು ವರ್ಷದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವಂಥದ್ದಲ್ಲ.

‘ಹಾನ್ಸೆಲ್ ಮತ್ತು ಗ್ರೆಟೆಲ್’ ಹುಟ್ಟಿದ್ದೇ ಮನೆಯಲ್ಲಿ. ಜರ್ಮನಿಯ ಸಂಗೀತ ರಚನೆಕಾರ ಎಂಗೆಲ್‌ಬರ್ಟ್ ಹುಂಪರ್‌ಡಿಂಕ್‌ಗೆ 1890ರಲ್ಲಿ ಅವನ ತಂಗಿ ಅಡೆಲ್‌ಹೈಡ್ ವೆಟ್ಟೆ, ಮಕ್ಕಳು ಮನೆಯಲ್ಲಿ ಆಡುವ ಒಂದು ಪುಟ್ಟ ನಾಟಕಕ್ಕೆ ನಾಲ್ಕು ಹಾಡು ಮಾಡಿಕೊಡು ಅಂತ ಕೇಳಿದಳು. ಅದೇ ಬೆಳೆದು ಪೂರ್ತಿ ಒಪೇರಾ ಆಯಿತು. 1893ರ ಡಿಸೆಂಬರ್ 23ರಂದು ವೈಮಾರ್ ನಗರದಲ್ಲಿ ಮೊದಲ ಪ್ರದರ್ಶನ. ಅವತ್ತು ವಾದ್ಯವೃಂದ ನಡೆಸಿದವನು ರಿಚರ್ಡ್ ಸ್ಟ್ರೌಸ್. ಈ ಹೆಸರಿಗೂ ಮೈಸೂರಿಗೂ ನಂಟಿದೆ: ಅದೇ ಸ್ಟ್ರೌಸ್ ತೀರಿಕೊಂಡ ಮೇಲೆ ಅವನ ಕೊನೆಯ ಹಾಡುಗಳ ಮೊದಲ ಕಛೇರಿ 1950ರಲ್ಲಿ ಲಂಡನ್ನಿನಲ್ಲಿ ನಡೆದಾಗ ಹಣದ ಬೆಂಬಲ ಕೊಟ್ಟವರು ನಮ್ಮ ಜಯಚಾಮರಾಜೇಂದ್ರ ಒಡೆಯರ್. ‘ಮೈಸೂರಿಗೆ ಇದೆಲ್ಲ ಯಾಕೆ ಬೇಕು’ ಅಂತ ಯಾರಾದರೂ ಕೇಳಿದರೆ ನಾನು ಇದನ್ನು ಹೇಳುತ್ತೇನೆ, ನೀವೂ ಹೇಳಿ.

ಕಥೆ ಇಷ್ಟು. ಪೊರಕೆ ಕಟ್ಟಿ ಮಾರುವ ಬಡ ಮನೆ. ಅಣ್ಣ-ತಂಗಿ ಕೆಲಸ ಬಿಟ್ಟು ಕುಣಿಯುತ್ತಾರೆ. ದಣಿದು ಬಂದ ಅಮ್ಮ ಹೊಡೆಯಲು ಹೋಗಿ, ಇದ್ದ ಒಂದೇ ಒಂದು ಪಾತ್ರೆ ಹಾಲು ಉರುಳಿಸುತ್ತಾಳೆ. ಆ ಸಿಟ್ಟಲ್ಲಿ ಮಕ್ಕಳನ್ನು ಹಣ್ಣು ಆರಿಸಿ ತರಲು ಕಾಡಿಗೆ ಅಟ್ಟುತ್ತಾಳೆ. ಕತ್ತಲಾಗುತ್ತದೆ, ಮಕ್ಕಳು ಪ್ರಾರ್ಥನೆ ಹೇಳಿ ಮಲಗುತ್ತಾರೆ, ಕನಸಲ್ಲಿ ದೇವದೂತರು ಕಾವಲಿಗೆ ಬರುತ್ತಾರೆ. ಬೆಳಿಗ್ಗೆ ಸಿಹಿತಿಂಡಿಯ ಮನೆ, ಮಾಟಗಾತಿ, ಒಲೆ, ಬಿಡುಗಡೆ. ಗ್ರಿಮ್ ಸಹೋದರರ ಮೂಲ ಕಥೆಯಲ್ಲಿ ಹೆತ್ತವರೇ ಬೇಕೆಂದು ಮಕ್ಕಳನ್ನು ಕಾಡಲ್ಲಿ ಬಿಟ್ಟು ಬರುತ್ತಾರೆ. ವೆಟ್ಟೆ ಅದನ್ನು ಬದಲಾಯಿಸಿದಳು. ಇಲ್ಲಿ ಅಮ್ಮ ಕೆಟ್ಟವಳಲ್ಲ, ಸುಸ್ತಾದವಳು. ಮನೆಮಂದಿ ಒಟ್ಟಿಗೆ ಕೂತು ನೋಡುವಾಗ ಈ ಬದಲಾವಣೆ ತುಂಬಾ ದೊಡ್ಡದು. ಸಭಾಂಗಣದಲ್ಲಿ ಕೂತ ಅಮ್ಮಂದಿರಿಗೆ ಅವಳು ಗೊತ್ತು.

ಪೆನ್ಸಿಲ್ ಹಿಡಿದು ಕೇಳಿ

ಪೂರ್ತಿ ಒಪೇರಾ ಸುಮಾರು ಒಂದೂ ಮುಕ್ಕಾಲು ಗಂಟೆ. ಹೆಜ್ಜೆ ಹಾಕುವ ಮುಂಚೆ ಅದನ್ನು ಹತ್ತು ಸಲವಾದರೂ ಕೇಳಿ. ಮೊದಲೆರಡು ಸಲ ಸುಮ್ನೆ ಕೇಳಿ, ಪಾತ್ರೆ ತೊಳೆಯುತ್ತಾ ಕೇಳಿದರೂ ಆಯಿತು. ಮೂರನೇ ಸಲದಿಂದ ಕಾಗದ ಇಟ್ಟುಕೊಂಡು, ಎಷ್ಟನೇ ನಿಮಿಷದಲ್ಲಿ ನಿಮ್ಮ ಮೈ ತಾನಾಗಿ ಅಲುಗಿತು ಅಂತ ಗುರುತು ಹಾಕಿ. ಹಾಡಿನ ಅರ್ಥ ಹುಡುಕುವುದು ಆಮೇಲೆ.

ಹೀಗೆ ಮಾಡಿದಾಗ ನಮಗೆ ಕಂಡದ್ದು, ಈ ಒಪೇರಾದಲ್ಲಿ ನೃತ್ಯ ಆಗಲೇ ಒಳಗೆ ಕೂತಿದೆ. ಮೊದಲ ಅಂಕದಲ್ಲಿ ತಂಗಿ ಅಣ್ಣನಿಗೆ ಕುಣಿಯಲು ಕಲಿಸುವ ಹಾಡಿದೆ. ಕಾಲಲ್ಲಿ ಟಪ ಟಪ ಟಪ, ಕೈಯಲ್ಲಿ ಚಪ್ಪಾಳೆ, ಆ ಕಡೆ ಒಂದು ಹೆಜ್ಜೆ, ಈ ಕಡೆ ಒಂದು, ಸುತ್ತ ತಿರುಗು. ಭಾಷೆ ಜರ್ಮನ್, ಆದರೆ ಕೇಳಿದ ಮಗು ತಾನಾಗಿ ಚಪ್ಪಾಳೆ ಹೊಡೆಯುತ್ತದೆ. ಎರಡನೇ ಅಂಕ ಶುರುವಾಗುವಾಗ ಮಾಟಗಾತಿಯ ಸವಾರಿಯ ಸಂಗೀತ, ಪೂರ್ತಿ ವಾದ್ಯಗಳದ್ದು. ಆ ಅಂಕದ ಕೊನೆಯಲ್ಲಿ ಐದಾರು ನಿಮಿಷದ ಕನಸಿನ ಮೂಕದೃಶ್ಯ, ಅಲ್ಲಿ ಒಬ್ಬರೂ ಹಾಡುವುದಿಲ್ಲ. ಮೂರನೇ ಅಂಕದಲ್ಲಿ ಮಾಟಗಾತಿ ಒಲೆ ಸೇರಿದ ಮೇಲೆ ಬರುವ ವಾಲ್ಟ್ಸ್, ಅಂದರೆ ಜೋಡಿಯಾಗಿ ಸುತ್ತುತ್ತಾ ಕುಣಿಯುವ ಯುರೋಪಿನ ನೃತ್ಯ. ಈ ನಾಲ್ಕು ಕಂಬ ನೆಟ್ಟರೆ ಚಪ್ಪರ ಹಾಕಿದ ಹಾಗೆ. ಉಳಿದದ್ದನ್ನು ಇವುಗಳ ನಡುವೆ ಕಟ್ಟಬಹುದು.

ಇನ್ನೊಂದು ಗುಟ್ಟು. ಪರದೆ ಏಳುವ ಮುಂಚಿನ ಸಂಗೀತ ಶುರುವಾಗುವುದೇ ಹಾರ್ನ್ ವಾದ್ಯಗಳಲ್ಲಿ ಬರುವ ಪ್ರಾರ್ಥನೆಯ ಧಾಟಿಯಿಂದ. ಅದೇ ಧಾಟಿ ನಡುವೆ ಮಕ್ಕಳು ಮಲಗುವಾಗ ಬರುತ್ತದೆ, ಕೊನೆಯಲ್ಲಿ ಎಲ್ಲರೂ ಸೇರಿದಾಗ ಮತ್ತೆ ಬರುತ್ತದೆ. ಆದ್ದರಿಂದ ಆ ಧಾಟಿಗೆ ಅಂತಲೇ ಒಂದು ಚಲನೆ ಆರಿಸಿಟ್ಟುಕೊಳ್ಳಿ. ನಾವು ಆರಿಸಿದ್ದು ಹೊದಿಸುವುದು. ಮಲಗಿದವರ ಮೇಲೆ ದುಪ್ಪಟಿ ಎಳೆದು, ಭುಜದ ಹತ್ತಿರ ಒಂದು ಸಲ ಒತ್ತುವುದು, ಅಷ್ಟೇ. ಮೂರು ಸಲ ಬಂತು. ಮೂರನೇ ಸಲ ಮಕ್ಕಳೇ ಅಮ್ಮನಿಗೆ ಹೊದಿಸಿದರು.

ಕತ್ತರಿಸುವಾಗ ದಾಕ್ಷಿಣ್ಯ ಬೇಡ. ಅಪ್ಪ-ಅಮ್ಮ ಹಾಡಿನಲ್ಲಿ ಮಾತಾಡಿಕೊಳ್ಳುವ ಉದ್ದದ ಭಾಗ ತೆಗೆದೆವು. ಆದರೆ ಅಪ್ಪ ಮನೆಗೆ ಬರುತ್ತಾ ಹಾಡುವ ಹಾಡನ್ನು ಬಿಡಲಿಲ್ಲ. ಹಸಿವೇ ಎಲ್ಲಕ್ಕಿಂತ ಒಳ್ಳೆಯ ಅಡುಗೆಯವನು ಅಂತ ಅವನು ಅದರಲ್ಲಿ ಹಾಡುತ್ತಾನೆ. ಇಡೀ ಕಥೆಯ ಬೇರು ಅಲ್ಲಿದೆ.

ಹಕ್ಕುಗಳ ವಿಷಯ

ಹುಂಪರ್‌ಡಿಂಕ್ ತೀರಿಕೊಂಡದ್ದು 1921ರಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ರಚನೆಕಾರರು ತೀರಿ 60 ವರ್ಷಕ್ಕೆ ಕೃತಿಯ ಹಕ್ಕು ಮುಗಿಯುತ್ತದೆ. ಹಾಗಾಗಿ ಸಂಗೀತ ಬಳಸಲು ತೊಂದರೆ ಇಲ್ಲ. ಆದರೆ ರೆಕಾರ್ಡಿಂಗ್ ಬೇರೆ ವಿಷಯ. ಅದಕ್ಕೆ ಬಿಡುಗಡೆಯಾದ ವರ್ಷದಿಂದ 60 ವರ್ಷ ಪ್ರತ್ಯೇಕ ಹಕ್ಕಿರುತ್ತದೆ. ಹೊಸ ರೆಕಾರ್ಡಿಂಗನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಂಡು ಟಿಕೆಟ್ ಇಟ್ಟು ಪ್ರದರ್ಶನ ಮಾಡಬೇಡಿ. ಹಳೆಯ ರೆಕಾರ್ಡಿಂಗ್ ಹುಡುಕಿ, ಇಲ್ಲವೇ ಅನುಮತಿ ತೆಗೆದುಕೊಳ್ಳಿ, ಇಲ್ಲವೇ ಪಿಯಾನೋ ಅಥವಾ ಕೀಬೋರ್ಡ್ ನುಡಿಸುವವರನ್ನು ಜೊತೆಗೆ ಕೂರಿಸಿಕೊಳ್ಳಿ. ಮೂರನೆಯದೇ ನನಗೆ ಇಷ್ಟ. ಮಗು ಒಂದು ಹೆಜ್ಜೆ ತಡವಾದರೆ ನುಡಿಸುವವರು ಕಾಯುತ್ತಾರೆ, ಸ್ಪೀಕರ್ ಕಾಯುವುದಿಲ್ಲ.

ಹಾಡುಗಾರರನ್ನೂ ಸೇರಿಸಿಕೊಳ್ಳುವ ಆಸೆ ಇದ್ದರೆ ಒಂದು ದಾರಿ ಇದೆ. ಜರ್ಮನಿಯ ನೃತ್ಯ ನಿರ್ದೇಶಕಿ ಪೀನಾ ಬೌಶ್ 1975ರಲ್ಲಿ ಗ್ಲುಕ್‌ನ ‘ಆರ್ಫಿಯಸ್’ ಒಪೇರಾವನ್ನು ನೃತ್ಯ ಮಾಡಿದಾಗ ಒಂದೊಂದು ಪಾತ್ರಕ್ಕೂ ಒಬ್ಬ ಹಾಡುಗಾರರು, ಒಬ್ಬ ನೃತ್ಯದವರು ಇಬ್ಬರೂ ರಂಗದ ಮೇಲಿದ್ದರು. ನಾವು ಪ್ರಾರ್ಥನೆಗೆ ಮಾತ್ರ ಹೀಗೆ ಮಾಡಿದೆವು. ತಂಡದ ಇಬ್ಬರು ತಾಯಂದಿರು ಆ ಧಾಟಿಗೆ ಬರೀ ‘ಜೋ ಜೋ’ ಅಂತ ಗುನುಗಿದರು. ಬೇರೆ ಸಾಹಿತ್ಯ ಬೇಕೇ ಆಗಲಿಲ್ಲ.

ಹಸಿವಿನ ದೃಶ್ಯ

ಈ ದೃಶ್ಯಕ್ಕೆ ನಾವು ಮೂರು ವಾರ ಕೊಟ್ಟೆವು. ನೀವೂ ಕೊಡಿ.

ಮಕ್ಕಳಿಗೆ ‘ಹಸಿವು ತೋರಿಸಿ’ ಅಂದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ಮುಖ ಕಿವಿಚುತ್ತಾರೆ. ಅದು ಹೊಟ್ಟೆನೋವು. ಹಸಿದವರು ನಿಜವಾಗಿ ಮಾಡುವುದೇನು? ಊಟ ಇರುವ ಕಡೆ ನೋಡುತ್ತಾರೆ, ನೋಡಲಿಲ್ಲ ಅನ್ನುವ ಹಾಗೆ ಇರುತ್ತಾರೆ, ಮತ್ತೆ ನೋಡುತ್ತಾರೆ. ಆದ್ದರಿಂದ ರಂಗದ ನಡುವೆ ಒಂದು ಹಾಲಿನ ಚೊಂಬು ಇಡಿ. ತಾಲೀಮಿನಲ್ಲಿ ಮಕ್ಕಳಿಗೆ ಒಂದೇ ನಿಯಮ ಹೇಳಿ: ಏನು ಬೇಕಾದರೂ ಮಾಡಿ, ಪೊರಕೆ ಕಟ್ಟಿ, ಗುಡಿಸಿ, ಜಗಳ ಆಡಿ, ಆದರೆ ಮೈಯ ಯಾವುದೋ ಒಂದು ಭಾಗ ಯಾವಾಗಲೂ ಚೊಂಬಿನ ಕಡೆ ತಿರುಗಿರಬೇಕು. ಮೊಣಕೈ ಆಗಬಹುದು, ಕಾಲ್ಬೆರಳು ಆಗಬಹುದು, ಕಿವಿ ಆಗಬಹುದು. ಹತ್ತು ನಿಮಿಷ ಇದನ್ನು ಆಡಿಸಿದರೆ ಸಾಕು, ಇಡೀ ಗುಂಪು ಆ ಚೊಂಬಿಗೆ ದಾರ ಕಟ್ಟಿದ ಹಾಗೆ ಚಲಿಸಲು ಶುರುವಾಗುತ್ತದೆ.

ಒಪೇರಾದಲ್ಲೂ ಅಣ್ಣ ಬೆರಳು ಅದ್ದಿ ಕೆನೆ ನೆಕ್ಕುತ್ತಾನೆ, ತಂಗಿ ಗದರುತ್ತಾಳೆ. ಅಣ್ಣನ ಪಾತ್ರ ಮಾಡಿದ ನಮ್ಮ ಹುಡುಗಿ (ಒಪೇರಾದಲ್ಲಿ ಈ ಪಾತ್ರವನ್ನು ಸಾಮಾನ್ಯವಾಗಿ ಹೆಣ್ಣುಮಕ್ಕಳೇ ಹಾಡುವುದು, ಆದ್ದರಿಂದ ಹಿಂಜರಿಯಬೇಡಿ) ಬೆರಳು ನೆಕ್ಕಿದ ಮೇಲೆ ಆ ಬೆರಳನ್ನು ಬಾಯಿಂದ ತೆಗೆಯಲೇ ಇಲ್ಲ. ಅದನ್ನು ಬಾಯಲ್ಲಿಟ್ಟುಕೊಂಡೇ ಮುಂದಿನ ಎಂಟು ಎಣಿಕೆ ಕುಣಿದಳು. ನಾನು ಹೇಳಿಕೊಟ್ಟದ್ದಲ್ಲ. ಇಂಥದ್ದು ಕಂಡರೆ ತಕ್ಷಣ ಬರೆದಿಟ್ಟುಕೊಳ್ಳಿ, ನಾಳೆ ಅವರೇ ಮರೆತಿರುತ್ತಾರೆ.

ಪಾತ್ರೆ ಒಡೆಯುವ ಜಾಗಕ್ಕೆ ಬಂದಾಗ ಎಚ್ಚರ. ಮಣ್ಣಿನ ಮಡಕೆ ಒಡೆದರೆ ಬರಿಗಾಲಿನ ಮಕ್ಕಳು ಚೂರಿನ ಮೇಲೆ ಕುಣಿಯಬೇಕಾಗುತ್ತದೆ. ನಿಜವಾದ ಹಾಲು, ನೀರು ಬೇಡವೇ ಬೇಡ, ಜಾರುತ್ತದೆ. ನಾವು ಹಿತ್ತಾಳೆ ಚೊಂಬಿನೊಳಗೆ ಎರಡು ಮೀಟರ್ ಬಿಳಿ ಮಲ್ ಬಟ್ಟೆ ತುರುಕಿಟ್ಟಿದ್ದೆವು. ಚೊಂಬು ಉರುಳಿತು, ಬಟ್ಟೆ ಹರಿದು ಹೊರಬಂತು. ಅಲ್ಲಿ ಸಂಗೀತ ಪೂರ್ತಿ ನಿಲ್ಲಿಸಿ. ಚೊಂಬು ಹಲಗೆ ಮೇಲೆ ಉರುಳುತ್ತಾ ಹೋಗಿ ನಿಲ್ಲುವ ತನಕದ ಸದ್ದು ಬಿಟ್ಟು ಬೇರೇನೂ ಕೇಳಿಸಬಾರದು. ಆಮೇಲೆ ಅಮ್ಮ ಮಂಡಿಯೂರಿ ಆ ಬಟ್ಟೆಯನ್ನು ನಿಧಾನವಾಗಿ ಬಾಚಿ ಮತ್ತೆ ಚೊಂಬಿಗೆ ತುಂಬಲು ನೋಡುತ್ತಾಳೆ. ಮೊದಲ ಪ್ರದರ್ಶನದಲ್ಲಿ ಮೂರನೇ ಸಾಲಿನಲ್ಲಿದ್ದ ಒಬ್ಬ ಅಜ್ಜಿ ‘ಅಯ್ಯೋ, ಹಾಲು!’ ಅಂದುಬಿಟ್ಟರು. ಬಟ್ಟೆ ಅಂತ ಎಲ್ಲರಿಗೂ ಗೊತ್ತಿತ್ತು.

ಏನು ಬದಲಿಸಬೇಕು, ಏನು ಬಿಡಬೇಕು

ಕಥೆಯನ್ನು ಪೂರ್ತಿ ಇಲ್ಲಿಗೆ ಎಳೆದು ತರಬೇಕಾಗಿಲ್ಲ. ಹೆಸರು ಬದಲಿಸಬೇಡಿ, ನೃತ್ಯದಲ್ಲಿ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಮಗುವಿನ ಕೈಗೆ ಸಿಗುವ ವಸ್ತುಗಳನ್ನು ಮಾತ್ರ ಬದಲಿಸಿ. ಅಪ್ಪನ ಕೈಗೆ ತೆಂಗಿನಕಡ್ಡಿ ಪೊರಕೆ ಕೊಡಿ. ನೆಲಕ್ಕೆ ತಾಗಿದಾಗ ಅದರ ‘ಸರ್ ಸರ್’ ಸದ್ದೇ ಒಂದು ತಾಳವಾಗುತ್ತದೆ. ಮೂಲದಲ್ಲಿ ಮಕ್ಕಳು ಆರಿಸುವುದು ಸ್ಟ್ರಾಬೆರಿ. ನಮ್ಮಲ್ಲಿ ಸಂಕ್ರಾಂತಿ ಹೊತ್ತಿಗೆ ಎಲಚಿ ಹಣ್ಣು ಸಿಗುತ್ತದೆ, ಅದೇ ಆಯಿತು. ಹಣ್ಣು ತಿನ್ನುತ್ತಾ ಮಕ್ಕಳು ಕುಕ್ಕೂ ಹಕ್ಕಿಯನ್ನು ಅಣಕಿಸುವ ಭಾಗವಿದೆ, ಬೇರೆ ಹಕ್ಕಿಯ ಮೊಟ್ಟೆ ಕದಿಯುವ ಹಕ್ಕಿ ಅಂತ. ಕಾಗೆ ಗೂಡಲ್ಲಿ ಮೊಟ್ಟೆ ಇಡುವ ಕೋಗಿಲೆ ಅದೇ ಬಳಗದ್ದು. ಆ ಎರಡೇ ಸ್ವರದ ಕೂಗನ್ನು ಸಭಾಂಗಣದ ಹಿಂದಿನಿಂದ ಒಂದು ಮಗುವಿನ ಕೈಲಿ ಕೂಗಿಸಿ. ಎಲ್ಲ ಮಕ್ಕಳೂ ತಿರುಗಿ ನೋಡುತ್ತಾರೆ, ಕಾಡು ಅವರ ಸುತ್ತಲೇ ಬಂದಿರುತ್ತದೆ.

ಮಾಟಗಾತಿಯ ಮನೆಗೆ ನಾವು ಆಲೆಮನೆ ಆರಿಸಿಕೊಂಡೆವು. ಮಂಡ್ಯದ ಕಡೆ ಹೋದವರಿಗೆ ಆ ವಾಸನೆ ಗೊತ್ತು: ಕುದಿಯುವ ಕಬ್ಬಿನ ಹಾಲು, ಒಲೆಗೆ ತುಂಬುವ ಒಣಗಿದ ಕಬ್ಬಿನ ಸಿಪ್ಪೆ, ಕೊಪ್ಪರಿಗೆಯ ಮೇಲೆ ಏಳುವ ಹಬೆ. ಸಿಹಿಯೂ ಇದೆ, ಬೆಂಕಿಯೂ ಇದೆ. ಅವಳು ಹಿಂದೆ ಹಿಡಿದು ಜಿಂಜರ್‌ಬ್ರೆಡ್ (ಶುಂಠಿ ಹಾಕಿದ ಸಿಹಿತಿಂಡಿ) ಮಾಡಿ ಬೇಲಿಯಲ್ಲಿ ನಿಲ್ಲಿಸಿದ ಮಕ್ಕಳು ನಮ್ಮಲ್ಲಿ ಸಕ್ಕರೆ ಅಚ್ಚಿನ ಮಕ್ಕಳಾದರು. ಬಿಳಿ ಬಟ್ಟೆ, ಮೈಗೆ ಅಂಟಿದ ಕೈ, ಮುಚ್ಚಿದ ಕಣ್ಣು.

ಬದಲಿಸದೆ ಬಿಡಬೇಕಾದ್ದು ಹದಿನಾಲ್ಕರ ಲೆಕ್ಕ. ಪ್ರಾರ್ಥನೆಯಲ್ಲಿ 14 ದೇವದೂತರು: ತಲೆಯ ಹತ್ತಿರ ಇಬ್ಬರು, ಕಾಲಿನ ಹತ್ತಿರ ಇಬ್ಬರು, ಬಲಕ್ಕೆ ಇಬ್ಬರು, ಎಡಕ್ಕೆ ಇಬ್ಬರು, ಹೊದಿಸಲು ಇಬ್ಬರು, ಎಬ್ಬಿಸಲು ಇಬ್ಬರು, ಸ್ವರ್ಗದ ದಾರಿ ತೋರಿಸಲು ಇಬ್ಬರು. ನಮ್ಮಲ್ಲಿ ದೊಡ್ಡವರು ಏಳೇ ಜನ. ತಲೆ ಕೆಡಿಸಿಕೊಂಡು ಕೂತಿದ್ದಾಗ ಒಬ್ಬ ಹುಡುಗ ‘ಮಿಸ್, ಕೈ ಹದಿನಾಲ್ಕಿದೆ’ ಅಂದ. ರೆಕ್ಕೆ, ಕಿರೀಟ ಎಲ್ಲ ಕೈಬಿಟ್ಟೆವು. ಹಿಂದೆ ಕಪ್ಪು, ಮೇಲಿಂದ ಹಳದಿ ಬೆಳಕು, ಹದಿನಾಲ್ಕು ಕೈ, ಒಂದು ಹಳೆಯ ಕಾಟನ್ ಸೀರೆ. ಅದು ತಂಡದ ಒಬ್ಬರ ಅಜ್ಜಿಯ ಸೀರೆ, ತೊಳೆದು ತೊಳೆದು ಮೆತ್ತಗಾಗಿತ್ತು. ಇಡೀ ಪ್ರದರ್ಶನದಲ್ಲಿ ನನಗೆ ತುಂಬಾ ಇಷ್ಟವಾದ ಆರು ನಿಮಿಷ ಅದು.

ಮೈಗೆ ಕಲಿಸುವುದು

ನಮ್ಮ ಊರಲ್ಲಿ ನಿಮ್ಮ ತಂಡಕ್ಕೆ ಬರುವ ಮಕ್ಕಳು ಎರಡು ಥರ. ಭರತನಾಟ್ಯ ಕಲಿತವರು, ಸಿನಿಮಾ ಹಾಡಿಗೆ ಕುಣಿಯುವವರು. ಮೊದಲಿನವರಿಗೆ ಅರೆಮಂಡಿ, ತಾಳ ಎಲ್ಲ ರಕ್ತದಲ್ಲಿದೆ, ಆದರೆ ನೆಲಕ್ಕೆ ಬೀಳು ಅಂದರೆ ಭಯ. ಎರಡನೆಯವರು ಹೇಗೆ ಬೇಕಾದರೂ ಬೀಳುತ್ತಾರೆ, ಸುಮ್ಮನೆ ನಿಲ್ಲು ಅಂದರೆ ಆಗುವುದಿಲ್ಲ. ಇಬ್ಬರನ್ನೂ ಜೋಡಿ ಮಾಡಿ.

ಸಮಕಾಲೀನ ನೃತ್ಯದ ಬುನಾದಿ ಅಂದರೆ ಭಾರ. ನಿಮ್ಮ ಭಾರವನ್ನು ನೆಲಕ್ಕೆ, ಗೋಡೆಗೆ, ಇನ್ನೊಬ್ಬರ ಬೆನ್ನಿಗೆ ಕೊಡುವುದು, ವಾಪಸ್ ತೆಗೆದುಕೊಳ್ಳುವುದು. ಮೊದಲ ವಾರ ಪೂರ್ತಿ ಇದನ್ನೇ ಮಾಡಿಸಿ. ಬೆನ್ನಿಗೆ ಬೆನ್ನು ಒರಗಿ ಕೂತು ಕೈ ಊರದೆ ಏಳುವುದು. ಅಕ್ಕಿ ಮೂಟೆಯ ಹಾಗೆ ಮಲಗಿ, ಜೊತೆಗಾರರು ಉರುಳಿಸುವುದು. ಬೀಳುವಾಗ ಮಂಡಿ ನೇರ ನೆಲಕ್ಕೆ ಬಡಿಯದ ಹಾಗೆ ತೊಡೆಯ ಪಕ್ಕದಿಂದ ಇಳಿಯುವುದನ್ನು ಮೊದಲ ದಿನವೇ ಹೇಳಿಕೊಡಿ, ನೀ ಕ್ಯಾಪ್ ಹಾಕಿಸಿ.

ವಾಲ್ಟ್ಸ್ ಹೇಳಿಕೊಡುವುದು ಹೇಗೆ ಅಂತ ನಾನು ತುಂಬಾ ಯೋಚಿಸಿದ್ದೆ. ಅದು ಮೂರರ ನಡೆ. ‘ತಕಿಟ ತಕಿಟ’ ಅಂತ ಬಾಯಲ್ಲಿ ಹೇಳಿಸಿ, ‘ತ’ಗೆ ಕಾಲು ಊರಿ ಅಂದೆ, ಒಂದೇ ದಿನದಲ್ಲಿ ಬಂತು.

ಮುದ್ರೆಗಳನ್ನು ಪೂರ್ತಿ ಬಿಡಿಸಬೇಡಿ, ಆದರೆ ಕಥೆ ಹೇಳಲು ಬಳಸಬೇಡಿ. ಮರ, ಹಕ್ಕಿ, ಚಂದ್ರ ಅಂತ ಒಂದೊಂದಕ್ಕೂ ಕೈ ಹಿಡಿದರೆ ಮತ್ತೆ ಮಾತಿಗೆ ಮಾತು ಅನುವಾದ ಮಾಡಿದ ಹಾಗಾಗುತ್ತದೆ.

ಮಾಟಗಾತಿ ಕೋಲು ಬೀಸಿ ಮಕ್ಕಳನ್ನು ಕಲ್ಲಾಗಿಸುವುದು, ಕೊನೆಯಲ್ಲಿ ಮುಟ್ಟಿದ ಕೂಡಲೇ ಅವರಿಗೆ ಜೀವ ಬರುವುದು ಎರಡೂ ಒಪೇರಾದಲ್ಲೇ ಇದೆ. ಇದು ನಮ್ಮ ಬೀದಿಯ ಲಾಕ್ ಅಂಡ್ ಕೀ ಆಟ ಅಲ್ವಾ? ಆ ದೃಶ್ಯಕ್ಕೆ ನಾನು ಒಂದು ಹೆಜ್ಜೆಯನ್ನೂ ಕಟ್ಟಲಿಲ್ಲ. ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋಗಿ ಅರ್ಧ ಗಂಟೆ ಆಟ ಆಡಿಸಿದೆ, ಫೋನಿನಲ್ಲಿ ಹಿಡಿದುಕೊಂಡೆ. ತಪ್ಪಿಸಿಕೊಳ್ಳುವಾಗ ಸೊಂಟ ಹೇಗೆ ತಿರುಗುತ್ತದೆ, ಲಾಕ್ ಆದಾಗ ಒಂದು ಕಾಲು ಹೇಗೆ ಗಾಳಿಯಲ್ಲೇ ನಿಲ್ಲುತ್ತದೆ, ಅದನ್ನೇ ನಿಧಾನ ಮಾಡಿ ರಂಗಕ್ಕೆ ತಂದೆವು.

ಭಯ ಎಷ್ಟಿರಬೇಕು

ಭಯ ತೆಗೆದುಬಿಡಿ ಅನ್ನುವ ಪೋಷಕರು ಇರುತ್ತಾರೆ. ತೆಗೆಯಬೇಡಿ. ಆದರೆ ಅದರ ಅಳತೆ ನಿಮ್ಮ ಕೈಲಿರಲಿ.

ಮಾಟಗಾತಿಯನ್ನು ಮುದುಕಿ ಮಾಡಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ದೇಶದಲ್ಲಿ ಮಾಟ ಮಾಡುತ್ತಾಳೆ ಅಂತ ಒಂಟಿ ಹೆಂಗಸರನ್ನು ಹೊಡೆದು ಕೊಂದದ್ದುಂಟು. ಬೆನ್ನು ಬಾಗಿದ, ತಲೆ ಕೆದರಿದ ಅಜ್ಜಿಯನ್ನು ನೋಡಿ ಮಗು ಹೆದರುವ ಹಾಗೆ ಮಾಡುವುದು ಬೇಡ. ಒಪೇರಾದಲ್ಲೂ ಈ ಪಾತ್ರವನ್ನು ಕೆಲವು ಸಲ ಗಂಡಸರು ಹಾಡುತ್ತಾರೆ. ನಮ್ಮಲ್ಲಿ ಇಪ್ಪತ್ತೆರಡರ ಹುಡುಗ ಮಾಡಿದ. ಉಪಚಾರ ಮಾಡುವವನ ಹಾಗೆ ಬರುತ್ತಾನೆ. ‘ತಗೊಳ್ಳಿ, ಇನ್ನೊಂದು ತಗೊಳ್ಳಿ, ಒಂದೇ ಒಂದು’ ಅನ್ನುವ ಹಾಗೆ ಕೈ ಮುಂದೆ ಚಾಚಿಕೊಂಡೇ ಇರುತ್ತಾನೆ. ಮದುವೆ ಮನೆಯಲ್ಲಿ ಬಲವಂತ ಮಾಡಿ ಬಡಿಸುವವರ ಕೈ ಅದು. ಕೈ ಚಾಚುವುದು ನಿಲ್ಲುವುದೇ ಇಲ್ಲ, ಸ್ವಲ್ಪ ಸ್ವಲ್ಪವೇ ಜೋರಾಗುತ್ತದೆ. ಮಕ್ಕಳಿಗೆ ಅದು ಮೊದಲು ನಗು, ಆಮೇಲೆ ಏನೋ ಸರಿ ಇಲ್ಲ ಅನ್ನಿಸುತ್ತದೆ.

ಮುಖವಾಡ ಇದ್ದರೆ ಪ್ರೇಕ್ಷಕರ ಎದುರಲ್ಲೇ ಹಾಕಿಕೊಳ್ಳಲಿ. ಒಳಗಿರುವುದು ಮನುಷ್ಯ ಅಂತ ಮಗುವಿಗೆ ಗೊತ್ತಿರಬೇಕು. ಗಾಬರಿಯ ಭಾಗ ಎರಡು ನಿಮಿಷ ದಾಟುವ ಮುಂಚೆ ಒಂದು ಉಸಿರು ಬಿಡುವ ಜಾಗ ಕೊಡಿ, ಒಂದು ನಗು ಅಥವಾ ಒಂದು ನಿಶ್ಶಬ್ದ. ಒಲೆಯ ದೃಶ್ಯಕ್ಕೆ ನಿಜವಾದ ಬೆಂಕಿ, ಹೊಗೆ ಯಾವುದೂ ಬೇಡ. ನಾಲ್ಕು ಜನ ಕೆಂಪು-ಕೇಸರಿ ಬಟ್ಟೆಯ ನಾಲ್ಕು ತುದಿ ಹಿಡಿದು ಅಲೆಸಿದರು, ತಂಗಿ ನೂಕಿದಳು, ಬಟ್ಟೆ ಮುಚ್ಚಿಕೊಂಡಿತು. ಮತ್ತೆ ಬಿಚ್ಚಿದಾಗ ಅವನೇ ಒಂದು ದೊಡ್ಡ ಸಕ್ಕರೆ ಅಚ್ಚಾಗಿ ನಿಂತಿದ್ದ. ಮೂಲದಲ್ಲೂ ಮಾಟಗಾತಿ ಬೆಂದು ತಿಂಡಿಯಾಗಿಯೇ ಹೊರಬರುತ್ತಾಳೆ.

ನಾವು ಮಾಡಿದ ಒಂದು ತಪ್ಪು ಹೇಳಲೇಬೇಕು. ಕಾಡಿನ ದೃಶ್ಯಕ್ಕೆ ಸಭಾಂಗಣದ ಎಲ್ಲ ದೀಪ ಒಟ್ಟಿಗೆ ಆರಿಸಿದೆವು. ಮುಂದಿನ ಸಾಲಿನಲ್ಲಿದ್ದ ಮೂರು ವರ್ಷದ ಮಗು ಚೀರಿತು, ಅದನ್ನು ಕೇಳಿ ಪಕ್ಕದ್ದು, ನಂತರ ಇಡೀ ಸಾಲು. ಪ್ರಾರ್ಥನೆ ಯಾರಿಗೂ ಕೇಳಿಸಲಿಲ್ಲ. ಎರಡನೇ ಪ್ರದರ್ಶನದಿಂದ ಪ್ರೇಕ್ಷಕರ ಕಡೆ ದೀಪ ಕಾಲುಭಾಗ ಉರಿಯುತ್ತಲೇ ಇತ್ತು, ರಂಗದ ಬೆಳಕು ಅರ್ಧ ನಿಮಿಷ ತೆಗೆದುಕೊಂಡು ನಿಧಾನವಾಗಿ ಇಳಿಯಿತು. ಯಾರೂ ಅಳಲಿಲ್ಲ.

ರಂಗಮಂದಿರ, ಹೊತ್ತು, ಕೂರುವ ಜಾಗ

ಮಕ್ಕಳ ಮುಖ ಕಾಣಬೇಕಾದ ಪ್ರದರ್ಶನ ಇದು, ಚಿಕ್ಕ ಜಾಗವೇ ಚೆನ್ನ. ಕಲಾಮಂದಿರದ ದೊಡ್ಡ ಸಭಾಂಗಣದಲ್ಲಿ ಬಾಯಲ್ಲಿಟ್ಟ ಬೆರಳು ಹಿಂದಿನ ಸಾಲಿಗೆ ಕಾಣುವುದಿಲ್ಲ. ಅದೇ ಆವರಣದ ಕಿರುರಂಗಮಂದಿರ ಸರಿಯಾದ ಅಳತೆ. ಬಿ.ವಿ. ಕಾರಂತರು ಮೊದಲ ನಿರ್ದೇಶಕರಾಗಿ 1989ರಲ್ಲಿ ಶುರುವಾದ ರಂಗಾಯಣವೂ ಅಲ್ಲೇ ಇದೆ, ಅದರ ವನರಂಗ ಬಯಲಿನಲ್ಲಿದೆ. ಕಾಡಿನ ಕಥೆಗೆ ಅಂಥ ಜಾಗ ಹೇಳಿ ಮಾಡಿಸಿದ ಹಾಗಿದೆ. ಆದರೆ ಬಯಲಲ್ಲಿ ಬೆಳಕಿನ ಆಟ ನಡೆಯಬೇಕಾದರೆ ಕತ್ತಲಾಗಬೇಕು, ಅಷ್ಟು ಹೊತ್ತಿಗೆ ಪುಟ್ಟ ಮಕ್ಕಳಿಗೆ ನಿದ್ದೆ. ದಸರಾ ಹೊತ್ತಿನಲ್ಲಿ, ನಾಟಕೋತ್ಸವಗಳ ಹೊತ್ತಿನಲ್ಲಿ ಜಾಗ ಸಿಗುವುದು ಕಷ್ಟ, ತಿಂಗಳುಗಟ್ಟಲೆ ಮುಂಚೆ ಕೇಳಿ. ಬೇಸಿಗೆಯ ಚಿಣ್ಣರ ಮೇಳದಿಂದಾಗಿ ಈ ಊರಲ್ಲಿ ನಾಟಕ ನೋಡಿ ಬೆಳೆದ ಮಕ್ಕಳು ಬೇಕಾದಷ್ಟಿದ್ದಾರೆ, ಪ್ರೇಕ್ಷಕರಿಗೆ ಬರವಿಲ್ಲ.

ಭಾನುವಾರ ಬೆಳಿಗ್ಗೆ 11ಕ್ಕೆ ಅಥವಾ ಸಂಜೆ 5ಕ್ಕೆ ಇಡಿ. ಏಳು ಗಂಟೆ ಬೇಡ. ಮೊದಲ ಸಾಲಿನ ಮುಂದೆ ಜಮಖಾನ ಹಾಸಿ ಮಕ್ಕಳನ್ನು ಕೂರಿಸಿ, ಆದರೆ ಜಮಖಾನದ ಅಂಚಿನಲ್ಲಿ ಇಬ್ಬರು ದೊಡ್ಡವರು ಇರಲಿ. ಬಾಗಿಲಿಗೆ ಚಿಲಕ ಹಾಕಬೇಡಿ, ಎದ್ದು ಹೋಗಿ ಬರುವ ಮಗುವನ್ನು ಯಾರೂ ಗದರಬಾರದು. ಸ್ಪೀಕರ್ ಸದ್ದು ಪಕ್ಕದವರ ಹತ್ತಿರ ಮಾತಾಡಿದರೆ ಕೇಳಿಸುವಷ್ಟೇ ಇರಲಿ. ಮಧ್ಯಂತರ ಇಟ್ಟರೆ ಕಾಡಿನಿಂದ ಮಕ್ಕಳನ್ನು ಕ್ಯಾಂಟೀನಿಗೆ ಕಳಿಸಿದ ಹಾಗೆ, ವಾಪಸ್ ಕರೆತರುವುದು ಕಷ್ಟ. ಅದಕ್ಕೇ 55 ನಿಮಿಷ.

ತಾಲೀಮಿನ ಲೆಕ್ಕ

ವಾರಕ್ಕೆ ಮೂರು ದಿನ, ದಿನಕ್ಕೆ ಒಂದೂವರೆ ಗಂಟೆ, 12 ವಾರ. ಶಾಲೆಯ ಟೆಸ್ಟು, ಹಬ್ಬ, ನೆಗಡಿ ಎಲ್ಲ ಸೇರಿ ಅದರಲ್ಲಿ ಎರಡು ವಾರ ಹೋಗೇ ಹೋಗುತ್ತದೆ, ಮೊದಲೇ ಬಿಟ್ಟಿಡಿ. ಮೊದಲ ವಾರ ಭಾರದ ಆಟ, ನಂತರ ಮೂರು ವಾರ ಹಸಿವು, ಆಮೇಲೆ ಕಾಡು, ಹದಿನಾಲ್ಕು ಕೈ, ಆಲೆಮನೆ. ಪ್ರತಿಯೊಂದು ಪಾತ್ರಕ್ಕೂ ಇನ್ನೊಬ್ಬರು ಹೆಜ್ಜೆ ಕಲಿತಿರಲಿ. ತಂಗಿಯ ಪಾತ್ರದವಳಿಗೆ ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ಜ್ವರ ಬಂತು, ಬೇಲಿಯಲ್ಲಿ ನಿಲ್ಲುತ್ತಿದ್ದ ಹುಡುಗಿ ಆ ಪಾತ್ರ ಮಾಡಿದಳು.

ಗ್ರ್ಯಾಂಡ್ ರಿಹರ್ಸಲ್‌ಗೆ ಕಥೆ ಗೊತ್ತಿಲ್ಲದ ಹತ್ತು ಮಕ್ಕಳನ್ನು ಕರೆದು ಕೂರಿಸಿ. ಮುಗಿದ ಮೇಲೆ ‘ಚೆನ್ನಾಗಿತ್ತಾ’ ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ‘ಅಮ್ಮ ಯಾಕೆ ಅತ್ತಳು?’ ಅಂತ ಕೇಳಿ. ಹಾಲು ಚೆಲ್ಲಿತು ಅಂದರೆ ಅರ್ಧ ಕೆಲಸ ಆಗಿದೆ. ಮಕ್ಕಳಿಗೆ ಕೊಡೋಕೆ ಬೇರೆ ಏನೂ ಇರಲಿಲ್ಲ ಅಂದರೆ ಪೂರ್ತಿ ಆಗಿದೆ.

ಮುಗಿದ ಮೇಲೆ

ಪ್ರದರ್ಶನವಾದ ಮೇಲೆ ಕಾಲು ಗಂಟೆ ರಂಗವನ್ನು ಮಕ್ಕಳಿಗೆ ಬಿಟ್ಟುಕೊಡಿ. ಚೊಂಬು ಮುಟ್ಟಲಿ, ಮುಖವಾಡ ಹಾಕಿ ನೋಡಲಿ, ಆ ಸೀರೆಯ ಕೆಳಗೆ ಮಲಗಲಿ. ನಮ್ಮಲ್ಲಿ ಒಬ್ಬ ಹುಡುಗ ಅಪ್ಪನನ್ನು ಎಳೆದು ತಂದು ಮಲಗಿಸಿ, ಹೊದಿಸಿ, ಭುಜದ ಹತ್ತಿರ ಒತ್ತಿದ. ಹೇಳಿಕೊಟ್ಟವರು ಯಾರೂ ಇಲ್ಲ.

ಎಳ್ಳು-ಬೆಲ್ಲ, ಸಕ್ಕರೆ ಅಚ್ಚು ಹಂಚುವುದಾದರೆ ಹೊರಗೆ ಹೋಗುವ ಬಾಗಿಲಲ್ಲಿ ಹಂಚಿ, ಒಳಗೆ ಬೇಡ. ಅಂಟಿದ ಕೈ ಮೊದಲು ಹೋಗುವುದೇ ಪರದೆಗೆ. ರಂಗಮಂದಿರ ಬಿಡುವ ಮುಂಚೆ ಎಲ್ಲ ದೀಪ ಹಾಕಿಸಿ, ಹಲಗೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಅದೇ ಕಡ್ಡಿ ಪೊರಕೆಯಲ್ಲಿ ಗುಡಿಸಿ, ಆಮೇಲೆ ಅಂಗೈಯಿಂದ ಸವರಿ ನೋಡಿ. ನಾಳೆ ಬರುವ ತಂಡದವರೂ ಬರಿಗಾಲಲ್ಲಿ ಕುಣಿಯಬಹುದು. ನಮಗೆ ಅವತ್ತು ಒಂಬತ್ತು ಸೇಫ್ಟಿ ಪಿನ್, ಮೂರು ಎಲಚಿ ಬೀಜ, ಒಂದು ಕಿವಿಯೋಲೆ ಸಿಕ್ಕಿತು.